ಕಾವಿ ಉಟ್ಟ ಪಾದ್ರಿ: ದಿ ನೊಬಿಲಿ ಮಾಡಿದ್ದು ಸರಿಯೇ?

ಪರ

1606ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟೊ ದಿ ನೊಬಿಲಿ ಮದುರೆಗೆ ಬಂದ. ಅದೇ ಪಂಗಡದ ಗೊನ್ಸಾಲೊ ಫರ್ನಾಂಡಿಸ್ ಅಲ್ಲಿ ನೆಲೆಸಿ ಆಗಲೇ ಹತ್ತು ವರ್ಷ ಕಳೆದಿತ್ತು. ಶಾಲೆ ನಡೆಸುತ್ತಿದ್ದ, ಔಷಧಿ ಕೊಡುತ್ತಿದ್ದ. ಜನ ಔಷಧಿ ತಗೊಂಡು ಮನೆಗೆ ಹೋಗುತ್ತಿದ್ದರು, ಅಷ್ಟೆ. ಅವರ ಕಣ್ಣಿಗೆ ಆತ ಪರಂಗಿ, ಅಂದರೆ ಪೋರ್ಚುಗೀಸ: ಗೋಮಾಂಸ ತಿನ್ನುವವರ, ಹೆಂಡ ಕುಡಿಯುವವರ, ಮೈ ತೊಳೆಯದವರ ಪೈಕಿ. ಕ್ರೈಸ್ತನಾಗುವುದೆಂದರೆ ಪರಂಗಿ ಕುಲ ಸೇರುವುದು ಎಂದೇ ಊರು ತಿಳಿದಿತ್ತು.

ದಿ ನೊಬಿಲಿ ಕೈಹಾಕಿದ್ದು ಈ ಗಂಟಿಗೆ. ಬೇರೆ ಮನೆ ಮಾಡಿದ. ಕಾವಿ ಉಟ್ಟ, ಪಾದುಕೆ ಮೆಟ್ಟಿದ. ಮಾಂಸ ಬಿಟ್ಟು, ಬ್ರಾಹ್ಮಣ ಅಡಿಗೆಯವನ ಕೈಯ ಅನ್ನ ಸೊಪ್ಪು ಉಂಡ. ತಮಿಳು ಕಲಿತು, ಸಂಸ್ಕೃತ ಓದಿ, ಪಂಡಿತರ ಮುಂದೆ ಕೂತು ಅವರದೇ ಮಾತಿನಲ್ಲಿ ವಾದ ಮಾಡಿದ. ಇದನ್ನು ಬರೀ ವೇಷ ಎಂದು ತಳ್ಳಿಹಾಕುವವರು, ಐವತ್ತು ವರ್ಷ ಯಾರಾದರೂ ವೇಷದಲ್ಲೇ ಬದುಕುತ್ತಾರೆಯೇ ಹೇಳಲಿ. ಆತ ಸತ್ತದ್ದು 1656ರಲ್ಲಿ, ಮೈಲಾಪುರದಲ್ಲಿ.

ಜುಟ್ಟು, ಗಂಧ, ಸ್ನಾನ ಎಲ್ಲ ನಾಡಿನ ನಡವಳಿಕೆ, ಅವನ್ನು ಬಿಡಿಸಬೇಕಿಲ್ಲ ಎಂಬುದು ಆತನ ವಾದ. ರೋಮಿಗೂ ದೂರು ಹೋಯಿತು. 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಕೆಲವು ಷರತ್ತು ಹಾಕಿ ಒಪ್ಪಿದರು. ಇದರ ಬೆಲೆ ತಿಳಿಯಬೇಕಾದರೆ ಮಂಗಳೂರಿನ ಕಡೆ ನೋಡಬೇಕು. ಗೋವೆಯಲ್ಲಿ ದೀಕ್ಷೆಯ ಜೊತೆಗೆ ಪೋರ್ಚುಗೀಸ್ ಹೆಸರನ್ನೂ ಹೊತ್ತವರ ಮೊಮ್ಮಕ್ಕಳು ಇಂದಿಗೂ ಡಿಸೋಜ, ಲೋಬೊ, ಪಿಂಟೊ. ಮನೆಮಾತು ಮಾತ್ರ ಕೊಂಕಣಿ. ಮದುರೆಯ ಹಾದಿ ಹಿಡಿದ ಲಿಯೊನಾರ್ಡೊ ಚಿನ್ನಾಮಿ 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಯಂತೆ ಇದ್ದು, ಕನ್ನಡ ಕಲಿತು ಕನ್ನಡದ ವ್ಯಾಕರಣ ಬರೆದ. ಬೋಧಿಸಲು ಬಂದವನು ಮೊದಲು ಪಾಠ ಹೇಳಿಸಿಕೊಂಡ. ನನಗೆ ಹಿಡಿಸುವುದು ಇದೇ.

ವಿರೋಧ

ಕಾವಿಯ ಬಗ್ಗೆ ತಕರಾರಿಲ್ಲ, ಸೊಪ್ಪಿನ ಬಗ್ಗೆಯೂ ಇಲ್ಲ. ಅದರ ಜೊತೆ ದಿ ನೊಬಿಲಿ ಜಾತಿಯನ್ನೂ ಉಟ್ಟುಕೊಂಡ. ತಾನು ರೋಮಿನ ರಾಜಕುಲದವನು ಎಂದು ಹೇಳಿಕೊಂಡ, ಎದೆಗೆ ದಾರ ಹಾಕಿಕೊಂಡ. ‘ನಾನು ಪರಂಗಿಯಲ್ಲ’ ಎಂಬ ಮಾತು ಹುಟ್ಟಿನ ಮಟ್ಟಿಗೆ ನಿಜ. ಆದರೆ ಆತ ಬಂದದ್ದು ಪೋರ್ಚುಗೀಸ್ ದೊರೆಯ ಆಶ್ರಯದ ಮಿಷನ್ನಿನಿಂದಲೇ. ತೀರದಲ್ಲಿ ಆಗಲೇ ಕ್ರೈಸ್ತರಾಗಿದ್ದ ಪರವ ಮೀನುಗಾರರನ್ನು, ಅವರ ಪಾದ್ರಿ ಫರ್ನಾಂಡಿಸನನ್ನು ದೂರ ಇಟ್ಟೇ ಈ ಹೊಸ ಮಡಿ ಉಳಿಯಬೇಕಿತ್ತು.

ಮೇಲುಜಾತಿ ಒಲಿದರೆ ಉಳಿದವರು ಹಿಂದೆ ಬರುತ್ತಾರೆ ಎಂಬ ಲೆಕ್ಕ ತಪ್ಪಿತು. ಬಂದವರಲ್ಲಿ ಹೆಚ್ಚಿನವರು ಕೆಳಗಿನವರೇ. ಸಂನ್ಯಾಸಿ ಪಾದ್ರಿ ಅವರನ್ನು ಮುಟ್ಟುವಂತಿಲ್ಲವಲ್ಲ! ಹಾಗಾಗಿ 1640ರಿಂದ ಅವರಿಗೆಂದು ‘ಪಂಡಾರಸ್ವಾಮಿ’ಗಳೆಂಬ ಬೇರೆ ಪಾದ್ರಿಗಳು. ಮೇಲಿನ ಪರ-ವಾದ ಈ ಪಂಡಾರಸ್ವಾಮಿಗಳ ಹೆಸರೆತ್ತದೆ ಜಾಣತನ ತೋರಿದೆ. ಷರತ್ತು ಎಂದು ತೇಲಿಸಿದ 1623ರ ಅದೇ ಪತ್ರದಲ್ಲಿ, ಕುಲೀನರು ಬಡವರನ್ನು ಕೀಳಾಗಿ ಕಾಣಬೇಡಿ, ಇಗರ್ಜಿಯಲ್ಲಿ ಬೇರೆ ಕೂರಬೇಡಿ ಎಂದು ಪೋಪ್ ಬೇಡಿಕೊಂಡಿದ್ದರು.

ಉಗುಳಿನ ಜಗಳವನ್ನೇ ನೋಡಿ. ಆಗ ದೀಕ್ಷೆ ಕೊಡುವಾಗ ಪಾದ್ರಿ ತನ್ನ ಉಗುಳನ್ನು ಬೆರಳಿನಿಂದ ಮಗುವಿನ ಕಿವಿಗೆ, ಮೂಗಿಗೆ ಸವರಬೇಕಿತ್ತು. ನಮ್ಮವರಿಗೆ ಅದು ಎಂಜಲು. ಜೆಸ್ವಿಟರು ಮೆಲ್ಲಗೆ ಕೈಬಿಟ್ಟರು. ಇಲ್ಲಿ ನಾನೂ ಅವರ ಕಡೆಗೇ. ಆದರೆ 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊನ್ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಉಗುಳು ಸವರುವುದನ್ನು ಬಿಡಬಾರದು ಎಂಬುದರ ಜೊತೆ ಇನ್ನೊಂದು ಮಾತಿತ್ತು: ಕಾಯಿಲೆ ಬಿದ್ದ ಪರಯರ (ಮುಟ್ಟಬಾರದವರೆಂದು ದೂರ ಇಟ್ಟಿದ್ದ ಜಾತಿಯವರ) ಮನೆಯೊಳಗೆ ಹೋಗಿ ಸಂಸ್ಕಾರ ಕೊಡಿ. ಹೋಗುತ್ತಿದ್ದರೆ ಆಜ್ಞೆ ಯಾಕೆ ಬೇಕಿತ್ತು?

ಜಗಳ ನಲವತ್ತು ವರ್ಷ ಎಳೆಯಿತು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಹಳೆಯ ಆಜ್ಞೆಯನ್ನೇ ಎತ್ತಿಹಿಡಿದರು. ಪರಯರ ಗುಡಿಸಲಿನ ವಿಷಯಕ್ಕೆ ಬಂದಾಗ ಮಾತ್ರ, ಅಲ್ಲಿಗೆ ಹೋಗಲು ಬೇರೆ ಪಾದ್ರಿಗಳನ್ನೇ ನೇಮಿಸುತ್ತೇವೆ ಎಂದ ಜೆಸ್ವಿಟರ ಮಾತಿಗೆ ಒಪ್ಪಿಗೆ ಕೊಟ್ಟರು.