ಮಂಡಕ್ಕಿ ಹೊರುವ ಪೈಲ್ವಾನ

ಮುಕ್ಕಾಲು ಟನ್ನು ಹೊರಲು ಹುಟ್ಟಿದ ಗಾಡಿಯ ಮೇಲೆ ನಾನು ಒಂಬತ್ತು ವರ್ಷದಿಂದ ಮಂಡಕ್ಕಿ ಹೇರುತ್ತಿದ್ದೇನೆ. ಮಂಡಕ್ಕಿ ಅಂದರೆ ಏನು ಅಂತ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು: ಒಂದು ಕೈಯಲ್ಲಿ ಚೀಲ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಬಾಕಿ ವಸೂಲಿ ಮಾತಾಡಬಹುದು. ಸೂರಿಗೆ ತಾಗುವ ಹಾಗೆ ಚೀಲ ಒಟ್ಟಿದರೂ ವ್ಯಾನಿನ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಬಗ್ಗುವುದಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡದಿಂದ ಪೈಲ್ವಾನನೊಬ್ಬನನ್ನು ಕರೆತಂದು ಮಲ್ಲಿಗೆ ಬುಟ್ಟಿ ಹೊರಿಸಿದ ಹಾಗೆ. ಇಂಥ ಗಾಡಿ ಸವೆಯುವುದಾದರೂ ಹೇಗೆ ಅಂತ ಶುರುವಿನಲ್ಲಿ ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ.

ಗಾಡಿ ಟಾಟಾ ಏಸ್. ಹಿಂದೆ ಡಬ್ಬಿ ಕಟ್ಟಿಸಿದ್ದರಿಂದ ನಮ್ಮನೆಯಲ್ಲಿ ಅದು 'ವ್ಯಾನು'. 2005ರಲ್ಲಿ ಈ ಜಾತಿಯ ಗಾಡಿ ಮೊದಲು ಬಂದಾಗ ಜನ ನಕ್ಕಿದ್ದು ನೆನಪಿದೆ. ಎರಡೇ ಸಿಲಿಂಡರ್, 702 ಸಿಸಿ, ಹದಿನಾರು ಕುದುರೆ ಶಕ್ತಿ. ಆಟೋದ ಅಣ್ಣನೋ, ಲಾರಿಯ ಮೊಮ್ಮಗನೋ ಅಂತ ಕೇಳಿದವರೇ ಆಮೇಲೆ ಸಾಲ ಮಾಡಿ ಕೊಂಡರು. ನನ್ನದು ಸೆಕೆಂಡ್ ಹ್ಯಾಂಡ್. ನನಗೆ ಬರುವ ಮುಂಚೆ ಐದು ವರ್ಷ ಹರಿಹರದ ಕಡೆ ಇಟ್ಟಿಗೆ ಹೊತ್ತಿತ್ತು.

ಕೊಳ್ಳುವ ದಿನ ನಮ್ಮ ಮೆಕ್ಯಾನಿಕ್ ಭಾಯ್ ಅವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ನನ್ನ ಕಣ್ಣು ಮೀಟರ್ ಮೇಲೆ. 62 ಸಾವಿರ ಅಂತ ತೋರಿಸುತ್ತಿತ್ತು, ಖುಷಿಯಾಯಿತು. ಭಾಯ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಕ್ಲಚ್ ಪೆಡಲಿನ ರಬ್ಬರ್ ಮೇಲೆ ಹೆಬ್ಬೆರಳು ಆಡಿಸಿದರು. ಗೆರೆಗಳೆಲ್ಲ ಅಳಿಸಿಹೋಗಿ, ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯ ಥರ ನುಣ್ಣಗಾಗಿತ್ತು. "ಅಣ್ಣಾರೆ, ಮೀಟರ್ ಹಿಂದಕ್ಕೆ ತಿರುಗಿಸ್ಬೋದು. ಕಾಲು ಸವೆಸಿದ್ದನ್ನ ತಿರುಗ್ಸಕ್ಕಾಗುತ್ತಾ?" ಅಂದರು. ಆಮೇಲೆ ಸೀಟು ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಮಾರುವವನು ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದ. "ನಾಳೆ ಬೆಳಿಗ್ಗೆ ಬರ್ತೀವಪ್ಪ, ಅಲ್ಲಿತಂಕ ಚಾವಿ ಮುಟ್ಬೇಡ," ಅಂತ ಹೇಳಿ ನನ್ನನ್ನು ಎಳೆದುಕೊಂಡು ಬಂದುಬಿಟ್ಟರು.

ಮಾರನೇ ದಿನ ತಣ್ಣಗಿದ್ದ ಇಂಜಿನ್ ಎರಡನೇ ಸಲಕ್ಕೆ ಹತ್ತಿಕೊಂಡಿತು. ಓಡುತ್ತಿರುವಾಗಲೇ ಭಾಯ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನೇ ಬೋರಲು ಮಾಡಿ ಬಾಯಿಯ ಮೇಲಿಟ್ಟರು. ಮುಚ್ಚಳ ಕುದಿಯುವ ಪಾತ್ರೆಯ ತಟ್ಟೆಯ ಹಾಗೆ ಗಡಗಡ ನಡುಗಿತು, ಆದರೆ ಎಗರಲಿಲ್ಲ. ಎಗರಿ ಬಿದ್ದಿದ್ದರೆ ಪಿಸ್ಟನ್ ರಿಂಗು ಸವೆದು, ಒಳಗಿನ ಒತ್ತಡ ಕೆಳಗೆ ಇಳಿಯುತ್ತಿದೆ, ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವ ಕಾಲ ಬಂದಿದೆ ಅಂತ ಅರ್ಥವಂತೆ. "ತಗೊಳ್ರಿ, ಇನ್ನೂ ದಮ್ ಐತೆ," ಅಂದರು. ಸರ್ಟಿಫಿಕೇಟ್ ಅಂದರೆ ಅದು.

ಡೀಸೆಲ್ ಇಂಜಿನ್ನಿಗೆ ದಮ್ಮೇ ಬಂಡವಾಳ. ಪೆಟ್ರೋಲ್ ಗಾಡಿಯ ಥರ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಬರೀ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಹಿಂಡುತ್ತದೆ. ಸೈಕಲ್ ಪಂಪ್ ಹೊಡೆದಾಗ ಬುಡ ಬಿಸಿಯಾಗುತ್ತದಲ್ಲ, ಅದೇ ಬಿಸಿ ಇಲ್ಲಿ ಬೆಂಕಿಯ ಮಟ್ಟಕ್ಕೆ ಹೋಗುತ್ತದೆ. ಆ ಗಾಳಿಗೆ ಡೀಸೆಲ್ ಚಿಮುಕಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಲು ಹೀಟರ್ ಪ್ಲಗ್ ಇರುತ್ತದೆ, ಅಷ್ಟೇ. ಚಾವಿ ತಿರುಗಿಸಿ ಆ ಹಳದಿ ದೀಪ ಆರುವ ತನಕ ಕಾಯುವ ತಾಳ್ಮೆ ಇಲ್ಲದೆ ಸೆಲ್ಫ್ ಉಜ್ಜುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1893ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, 1897ರಲ್ಲಿ ಓಡಿಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ನಮೂನೆಯ ಒಂದು ಇಂಜಿನ್ ಓಡಿದ್ದು ಯಾವುದರಲ್ಲಿ ಗೊತ್ತಾ? ಶೇಂಗಾ ಎಣ್ಣೆಯಲ್ಲಿ! ಇದನ್ನು ಓದಿದ ದಿನ ನನಗೆ ಚಳ್ಳಕೆರೆ ನೆನಪಾಗಿ ನಿದ್ದೆ ಬರಲಿಲ್ಲ. ಪುಣ್ಯಾತ್ಮ ಪ್ಯಾರಿಸ್‌ಗೆ ಹೋಗುವ ಬದಲು ಚಳ್ಳಕೆರೆಗೆ ಬಂದಿದ್ದರೆ ನಮ್ಮ ಎಣ್ಣೆ ಮಿಲ್ಲುಗಳ ಮುಂದೆ ಲಾರಿಗಳು ಕ್ಯೂ ನಿಲ್ಲುತ್ತಿದ್ದವು. ಭಾಯ್ ಹತ್ತಿರ ಹೇಳಿದೆ. ಅವರು ಸ್ಪಾನರ್ ಕೆಳಗಿಟ್ಟು ಗಾಬರಿಯಿಂದ ನೋಡಿದರು. "ಗಾಡಿಗೆ ಹಾಕ್ಬೇಡ್ರಿ ಮತ್ತೆ. ಮಂದ ಎಣ್ಣೆ, ನಾಜಲ್ ಕಟ್ಕೊಂಬಿಡುತ್ತೆ." ಹಾಕುವ ಯೋಚನೆ ಇರಲಿಲ್ಲ. ಶೇಂಗಾ ಎಣ್ಣೆಯ ಇವತ್ತಿನ ರೇಟಿಗೆ ಡೀಸೆಲ್ಲೇ ಅಗ್ಗ.

ಮೊದಲನೇ ವರ್ಷ ಎಲ್ಲ ಚೆನ್ನಾಗಿತ್ತು. ಎರಡನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಯಿಲ್ ಮುಚ್ಚಳ ಬಿಚ್ಚಿ ನೋಡಿದರೆ, ಅಡಿಯಲ್ಲಿ ಬೆಣ್ಣೆ! ಸುಳ್ಳಲ್ಲ, ತಿಳಿ ಹಳದಿ ಬಣ್ಣದ, ಬೆರಳಿಗೆ ಅಂಟುವ, ಥೇಟ್ ಬೆಣ್ಣೆ. ಬೆಣ್ಣೆ ದೋಸೆಯ ಊರು ನಿಜ, ಆದರೆ ಇಂಜಿನ್ ಒಳಗೂ ಕಡೆಯಲು ಶುರು ಮಾಡಿದರೆ ಹೇಗೆ? ಇಂಜಿನ್ನಿನ ತಲೆಗೂ ಮೈಗೂ ನಡುವಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿ ನೀರು ಆಯಿಲ್‌ಗೆ ಇಳಿದರೆ ಹೀಗಾಗುತ್ತದೆ ಅಂತ ಪಕ್ಕದ ಅಂಗಡಿಯವರು ಹೆದರಿಸಿದರು. ಭಾಯ್ ಬಂದವರು ಮೊದಲು ಇಂಜಿನ್ ತಂಪಿಡುವ ಕೂಲೆಂಟ್ ಮಟ್ಟ ನೋಡಿದರು. ಒಂದು ಹನಿಯೂ ಇಳಿದಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರು. ಆಯಿಲ್ ಕಪ್ಪಗಿತ್ತು, ಹಾಲು ಬೆರೆತ ಹಾಗಿರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಎಷ್ಟು ದೂರ ಓಡಿಸ್ತೀರಿ?"

ಯೋಚಿಸಿದೆ. ಮಂಡಕ್ಕಿ ಭಟ್ಟಿಯಿಂದ ಹಳೇಪೇಟೆ. ಅಲ್ಲಿ ನಿಲ್ಲಿಸಿ ನಾಲ್ಕು ಚೀಲ ಇಳಿಸುವುದು. ಅಲ್ಲಿಂದ ಚಾಮರಾಜಪೇಟೆ, ಒಂದು ಕಿಲೋಮೀಟರ್ ಆದರೆ ಜಾಸ್ತಿ. ಆಫ್ ಮಾಡು, ಚಹಾ ಕುಡಿ, ಸ್ಟಾರ್ಟ್ ಮಾಡು. ವಿನೋಬನಗರ, ನಿಟುವಳ್ಳಿ, ಮತ್ತೆ ವಾಪಸ್. ಆಗ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದರೆ ಎದುರಿನವರ ಮಕ್ಕಳ ಮದುವೆ ವಿಷಯದ ತನಕ ಮಾತು ಹೋಗುತ್ತಿತ್ತು. ಗಾಡಿ ದಿನವಿಡೀ ಓಡಿದ ಹಾಗೆ ಕಾಣುತ್ತದೆ, ನಿಜವಾಗಿ ಒಂದು ಸಲವೂ ಪೂರ್ತಿ ಬಿಸಿಯಾಗುವುದಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಆವಿ, ಗಾಳಿಯ ತೇವ ಎರಡೂ ತಣ್ಣಗಿನ ಇಂಜಿನ್ ಒಳಗೆ ನೀರಾಗಿ ಕೂರುತ್ತವೆ, ಆಯಿಲ್ ಆವಿಯ ಜೊತೆ ಸೇರಿ ಮುಚ್ಚಳದಡಿ ಬೆಣ್ಣೆಯಾಗುತ್ತದೆ. ಅದೇ ನೀರು ಸೈಲೆನ್ಸರ್ ಒಳಗೆ ನಿಂತು ತುಕ್ಕು ಹಿಡಿಸುತ್ತದೆ. ಪದೇ ಪದೇ ಸೆಲ್ಫ್ ಹೊಡೆದು ಬ್ಯಾಟರಿ ಬರಿದು, ತುಂಬಲು ಪುರುಸೊತ್ತಿಲ್ಲ. ಅರ್ಧ ಬೆಂದ ಡೀಸೆಲ್ಲಿನ ಮಸಿ ಎಲ್ಲ ಕಡೆ. ಇಟ್ಟಿಗೆ ಹೊತ್ತಾಗ ಗಟ್ಟಿಯಾಗಿದ್ದ ಗಾಡಿ ಮಂಡಕ್ಕಿ ಹೊತ್ತು ಕಾಯಿಲೆ ಬಿದ್ದಿತ್ತು.

ಭಾಯ್ ಔಷಧಿ ಬರೆದುಕೊಡುವ ಡಾಕ್ಟರ ಥರ ಹೇಳಿದರು: "ವಾರಕ್ಕೊಂದ್ಸಲ ಹೈವೇ ಹತ್ತಿಸ್ರಿ. ಭರಮಸಾಗರ ಮುಟ್ಟಿ ಬರ್ರಿ. ಗಂಟಲು ಸಾಫ್ ಆಗ್ಲಿ." ಇನ್ನೊಂದು ಮಾತು, ಆಯಿಲ್ ಬದಲಿಸಲು ಕಿಲೋಮೀಟರ್ ತುಂಬಲಿ ಅಂತ ಕಾಯಬಾರದು. ಗಲ್ಲಿ ಗಾಡಿಗೆ ತಿಂಗಳ ಲೆಕ್ಕ. ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಹೊಸ ಆಯಿಲ್ ಹಾಕಿದ ಮರುದಿನವೇ ಕಪ್ಪಾಯಿತು ಅಂತ ಜಗಳಕ್ಕೆ ಹೋಗಬೇಡಿ, ನಾನು ಹೋಗಿ ನಗೆಪಾಟಲಾಗಿದ್ದೇನೆ. ಡೀಸೆಲ್ ಇಂಜಿನ್‌ನಲ್ಲಿ ಮಸಿ ಹೀರಿಕೊಂಡು ತಾನು ಕಪ್ಪಾಗುವುದೇ ಆಯಿಲ್‌ನ ಕೆಲಸ. 2020ರ ನಂತರದ, ಹೊಗೆಯ ಹೊಸ ನಿಯಮದ (ಬಿಎಸ್-6) ಡೀಸೆಲ್ ಗಾಡಿಗಳಲ್ಲಂತೂ ಮಸಿ ಹಿಡಿಯುವ ಫಿಲ್ಟರೇ ಸೈಲೆನ್ಸರ್ ಕಡೆ ಕೂತಿರುತ್ತದೆ. ಬರೀ ಗಲ್ಲಿ ಸುತ್ತಿಸಿದರೆ ಅದು ಕಟ್ಟಿಕೊಂಡು ದೀಪ ಹತ್ತಿಸಿ, ಹೈವೇಗೆ ಕರೆದುಕೊಂಡು ಹೋಗು ಅಂತ ತಾನೇ ಹಟ ಮಾಡುತ್ತದೆ. ನನ್ನ ಹಳೇ ವ್ಯಾನಿಗೆ ಬಾಯಿಲ್ಲ, ಬೆಣ್ಣೆ ತೋರಿಸಿತು.

ಬೆಣ್ಣೆಯಿಂದ ಪಾರಾದೆ, ನೀರಿನಲ್ಲಿ ಸಿಕ್ಕಿಬಿದ್ದೆ. ಇದರಲ್ಲಿ ಭಾಯ್ ತಪ್ಪಿಲ್ಲ, ನನ್ನದೇ ಜಿಪುಣತನ. ಕೂಲೆಂಟ್ ಕಡಿಮೆಯಾದಾಗಲೆಲ್ಲ ಮನೆಯ ಬೋರ್‌ವೆಲ್ ನೀರು ಸುರಿಯುತ್ತಿದ್ದೆ. ನಮ್ಮ ಕಡೆಯ ಬೋರ್ ನೀರು ಗೊತ್ತಲ್ಲ, ಸ್ನಾನದ ಹಂಡೆಯೊಳಗೆ ವರ್ಷಕ್ಕೊಂದು ಪದರ ಬಿಳಿ ಸುಣ್ಣ ಕಟ್ಟುತ್ತದೆ. ಇಂಜಿನ್ ಒಳಗಿನ ಬೆರಳುಗಾತ್ರದ ದಾರಿಗಳಲ್ಲಿ ಕಟ್ಟದೆ ಬಿಡುತ್ತದಾ? ಒಂದು ಏಪ್ರಿಲ್ ಮಧ್ಯಾಹ್ನ ಜಗಳೂರು ರಸ್ತೆಯಲ್ಲಿ ಹೀಟ್ ಮುಳ್ಳು ಮೇಲೆ ಹೋಯಿತು. ಇನ್ನು ಎರಡು ಕಿಲೋಮೀಟರ್, ಊರು ಬಂದೇಬಿಟ್ಟಿತು ಅಂತ ಓಡಿಸಿದೆ. ಆ ಎರಡು ಕಿಲೋಮೀಟರ್ ಹೆಡ್ ಗ್ಯಾಸ್ಕೆಟ್ ತಿಂದಿತು. ಅದು ಸಾಲದು ಅಂತ, ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತಿರುಗಿಸಲು ಹೋದೆ. ಬಲ ಮೊಣಕೈ ಕೆಳಗೆ ಈಗಲೂ ಶ್ರೀಲಂಕಾ ನಕ್ಷೆಯ ಆಕಾರದ ಒಂದು ಸುಟ್ಟ ಕಲೆ ಇದೆ. ಈಗ ಕೂಲೆಂಟ್ ಡಬ್ಬಿ ಸೀಟಿನ ಹಿಂದೆ ಇರುತ್ತದೆ. ಮುಳ್ಳು ಏರಿದರೆ ಬೇವಿನ ಮರ ಹುಡುಕಿ ನಿಲ್ಲಿಸಿ, ಒಂದು ಗಂಟೆ ಮಲಗುತ್ತೇನೆ.

ಮಂಡಕ್ಕಿ ಹಗುರ ಅಂದೆನಲ್ಲ, ಅದರ ಉಪದ್ರವ ಹಗುರವಲ್ಲ. ಮೊದಲನೆಯದು ಉಪ್ಪು. ಮಂಡಕ್ಕಿಗೆ ಉಪ್ಪು ಹಾಕಿರುತ್ತಾರೆ. ಚೀಲದಿಂದ ಉದುರಿದ ಪುಡಿ ತಗಡಿನ ಸಂದಿಯಲ್ಲಿ ಕೂತು, ಮಳೆಗಾಲದ ತೇವ ಕುಡಿದು, ತಗಡನ್ನೇ ತಿನ್ನುತ್ತದೆ. ಸಮುದ್ರವನ್ನೇ ಕಾಣದ ಊರಿನಲ್ಲಿ ನನ್ನ ವ್ಯಾನಿನ ನೆಲ ಮಂಗಳೂರಿನ ಗಾಡಿಯ ಥರ ತುಕ್ಕು ಹಿಡಿದಿತ್ತು. ಎರಡನೆಯದು ಇಲಿ. ಉದುರಿದ ಕಾಳು ಹುಡುಕಿಕೊಂಡು ಬಂದವು ಸೀಟಿನ ಕೆಳಗೆ, ಬೆಚ್ಚಗಿನ ಇಂಜಿನ್ ಪಕ್ಕ ಸಂಸಾರ ಹೂಡಿದವು. ಊಟಕ್ಕೆ ಮಂಡಕ್ಕಿ, ಬಾಯಾಡಲು ವೈರು. ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಕೂತಿದ್ದಾನೆ, ಅವನ ವಾಹನ ನನ್ನ ವಾಹನದ ಹೆಡ್‌ಲೈಟ್ ವೈರು ಕಡಿಯುತ್ತಿದೆ. ಯಾರಿಗೆ ದೂರು ಕೊಡೋದು? ಈಗ ರಾತ್ರಿ ಚೀಲ ಇಳಿಸಿದ ಮೇಲೆ ಪೊರಕೆ ಹಿಡಿದು ಗುಡಿಸಿ, ಒಣಬಟ್ಟೆಯಲ್ಲಿ ಸಂದಿಗಳನ್ನು ಒರೆಸುತ್ತೇನೆ. ಮನೆಯಲ್ಲಿ ಪೊರಕೆ ಮುಟ್ಟದವರು ವ್ಯಾನು ಗುಡಿಸ್ತಾರೆ ಅನ್ನುವ ಮಾತು ಒಳಗಿನಿಂದ ಕೇಳುತ್ತದೆ. ಕೇಳದ ಹಾಗಿರುತ್ತೇನೆ.

ಉಳಿದದ್ದೆಲ್ಲ ಸಣ್ಣಪುಟ್ಟದ್ದು. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುವುದು. ಮೆಕ್ಕೆಜೋಳದ ಒಕ್ಕಲು ಶುರುವಾದರೆ ಏರ್ ಫಿಲ್ಟರ್ ಧೂಳು ಕೊಡವುವುದು. ಪ್ಲೇಟು, ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ನು, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕ್ರಾಸಿಗೆ ಗ್ರೀಸ್ ಹೊಡೆಸುವುದು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಕೊಳ್ಳಬಾರದು, ಪೈಪಿನಲ್ಲಿ ಏರ್ ಹಿಡಿದರೆ ಡೀಸೆಲ್ ತಂದು ಸುರಿದರೂ ಸ್ಟಾರ್ಟ್ ಆಗದೆ ನಡುರಸ್ತೆಯಲ್ಲಿ ಮಾನ ಕಳೆಯುತ್ತದೆ. ಹೊಗೆಯ ಬಣ್ಣ ಮಾತ್ರ ಕನ್ನಡಿಯಲ್ಲಿ ನೋಡುತ್ತಿರಬೇಕು. ಕಪ್ಪಾದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಭಾಯ್‌ಗೆ ಫೋನ್.

ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಆ ದಿನ ನಮ್ಮ ಕೆಎ-17 ಮದುವೆ ಗಂಡಿನ ಥರ ಹೊರಡುತ್ತದೆ. ಬಣ್ಣ, ಹಳದಿ ರೇಡಿಯಂ ಪಟ್ಟಿ, ಉರಿಯುವ ಎಲ್ಲ ದೀಪ. ಉಳಿದ ದಿನ ಒಂದಾದರೂ ದೀಪ ರಜೆಯಲ್ಲಿರುತ್ತದೆ.

ಭಾಯ್ ಔಷಧಿಯನ್ನು ಮಾತ್ರ ತಪ್ಪಿಸಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ವ್ಯಾನು ತೆಗೆದು, ಆನಗೋಡು ದಾಟಿ ಭರಮಸಾಗರ. ಹಳೆಯ ನಾಲ್ಕನೇ ನಂಬರಿನ ಹೆದ್ದಾರಿ, ಈಗ 48. ಅರ್ಧ ಗಂಟೆ ಓಡಿದ ಮೇಲೆ ಶಬ್ದವೇ ಬೇರೆಯಾಗುತ್ತದೆ, ಒಡಕು ದನಿ ಹೋಗಿ ಒಂದೇ ಸಮ ಗುನುಗುತ್ತದೆ. ಎಷ್ಟೋ ವರ್ಷ ಇದನ್ನು ಒಬ್ಬನೇ ಅನುಭವಿಸಿದೆ. ಮೊನ್ನೆ ಹೊರಡುವಾಗ ಮನೆಯವಳು ಸೀರೆ ಬದಲಿಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. "ನಾನೂ ಒಂಬತ್ತು ವರ್ಷದಿಂದ ಅಡಿಗೆಮನೆಯಿಂದ ಪಡಸಾಲೆಗೆ ಓಡ್ತಾ ಇದ್ದೀನಿ ರೀ. ನನಗೂ ಬೆಣ್ಣೆ ಕಟ್ಟಿರುತ್ತೆ."

ಮಾತಿಲ್ಲದೆ ಗೇರ್ ಹಾಕಿದೆ. ಭರಮಸಾಗರದಲ್ಲಿ ತಿರುಗಲಿಲ್ಲ, ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ತನಕ ಹೋದೆವು. ಮರದ ನೆರಳಲ್ಲಿ ನಿಲ್ಲಿಸಿ ಆಫ್ ಮಾಡಿದೆ. ಅವಳನ್ನು ಇಳಿಸಿ, ಸೀಟು ಎತ್ತಿ, ಬಟ್ಟೆ ಹಿಡಿದು ಆಯಿಲ್ ಮುಚ್ಚಳ ಬಿಚ್ಚಿದೆ. ಭುಜದ ಮೇಲಿನಿಂದ ಅವಳೂ ಬಗ್ಗಿ ನೋಡಿದಳು.

"ಬೆಣ್ಣೆ ಇಲ್ವಾ?"

"ಒಂದು ಚೂರೂ ಇಲ್ಲ."

"ಹಂಗಾದ್ರೆ ವಾಪಸ್ ಹೋಗ್ತಾ ದೋಸೆ ತಿನ್ಕೊಂಡೇ ಹೋಗೋಣ," ಅಂದಳು.