ಹೆಸರಿಲ್ಲದ ಹಸಿರು ಪೊಟ್ಟಣ

ನಮ್ಮ ಫ್ರೀಜರಿನಲ್ಲಿ ಒಂದು ಹಸಿರು ಪೊಟ್ಟಣವಿದೆ. ಒಳಗೇನಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಟ್ಟಿಟ್ಟವಳು ನಾನೇ, ನನಗೂ ಗೊತ್ತಿಲ್ಲ.

ಇದೆಲ್ಲ ಶುರುವಾಗಿದ್ದು ಬಟಾಣಿಯಿಂದ. ಅಗ್ಗಕ್ಕೆ ಸಿಕ್ಕಿತೆಂದು ಇವರು ಐದು ಕೆಜಿ ಹೊತ್ತು ತಂದರು. "ಸುಲಿದು ಫ್ರೀಜರಿಗೆ ಹಾಕಿಬಿಟ್ಟರೆ ವರ್ಷವಿಡೀ ಚಿಂತೆಯಿಲ್ಲ ಕಣೇ" ಅಂದರು. ಆ 'ಹಾಕಿಬಿಟ್ಟರೆ'ಗೆ ಕರ್ತೃ ಯಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಲಿದು ಮುಗಿಸುವಷ್ಟರಲ್ಲಿ ಐದು ಕೆಜಿ ಹೋಗಿ ಎರಡು ಕೆಜಿ ಚಿಲ್ಲರೆ ಉಳಿದಿತ್ತು. ಹೆಬ್ಬೆರಳಿನ ಉಗುರು ಮೂರು ದಿನ ಹಸಿರಾಗೇ ಇತ್ತು.

ತೊಳೆದೆ, ಒದ್ದೆ ಒದ್ದೆಯಾಗಿಯೇ ಒಂದೇ ಚೀಲಕ್ಕೆ ಸುರಿದು ಫ್ರೀಜರಿಗೆ ತುರುಕಿದೆ. ಮರುವಾರ ತೆಗೆದರೆ ಬಟಾಣಿ ಎಲ್ಲಿ, ಚಪ್ಪಡಿ ಕಲ್ಲು! ಬೇಕಿದ್ದದ್ದು ಒಂದು ಹಿಡಿ. ಲಟ್ಟಣಿಗೆಯಿಂದ ಕುಟ್ಟಿದೆ, ಜಗ್ಗಲಿಲ್ಲ. ಕುಟ್ಟಾಣಿ ತಂದು ಬಾರಿಸಿದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, "ಟೈಲ್ಸ್ ಬದಲಾಯಿಸ್ತಿದ್ದೀರಾ?" ಅಂತ ವಿಚಾರಿಸಿಕೊಂಡು ಹೋದರು. ಮೊದಲು ನೀರಾರಿಸಿ, ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಗಟ್ಟಿ ಮಾಡಿಕೊಂಡು, ಆಮೇಲೆ ಚೀಲಕ್ಕೆ ತುಂಬಬೇಕಂತೆ. ಈ 'ಅಂತೆ'ಗಳೆಲ್ಲ ನನಗೆ ಯಾವಾಗಲೂ ಕುಟ್ಟಾಣಿ ಹಿಡಿದ ಮೇಲೆಯೇ ತಿಳಿಯುವುದು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಬಟಾಣಿಗೆ ಹುಲ್ಲಿನ ರುಚಿ ಬಂತು. ತರಕಾರಿಯೊಳಗಿನ ಕಿಣ್ವಗಳ ಕೈವಾಡ. ಫ್ರೀಜರಿನ ಚಳಿಗೆ ಅವು ಸಾಯುವುದಿಲ್ಲ. ರಜೆಯ ದಿನ ನಮ್ಮ ಮಗ ಹೊದಿಕೆಯೊಳಗೇ ಕಾಲಾಡಿಸುತ್ತ ಬಿದ್ದಿರುವ ಹಾಗೆ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಅವುಗಳನ್ನು ಅಡಗಿಸಲು ತರಕಾರಿಯನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು: ಬಟಾಣಿಗೆ ಒಂದೂವರೆ ನಿಮಿಷ, ಹೆಚ್ಚಿದ ಕ್ಯಾರೆಟ್ಟಿಗೆ 2, ಬೀನ್ಸಿಗೆ 3. ತೆಗೆದ ತಕ್ಷಣ ಐಸ್ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಳಗಿನ ಬಿಸಿಗೇ ಬೇಯುತ್ತ ಹೋಗುತ್ತದೆ.

ಮುಂದಿನ ಸಲ ಬೀನ್ಸ್. ಮಗ ಮೊಬೈಲಿನಲ್ಲಿ ಟೈಮರ್ ಹಿಡಿದು ನಿಂತ. ಸರಿಯಾಗಿ ಮೂರನೇ ನಿಮಿಷಕ್ಕೆ "ಅಮ್ಮಾ!" ಅಂದ. ಬೀನ್ಸ್ ಸೋಸಿ, "ಐಸ್ ತಾರೋ" ಅಂದೆ. ಫ್ರೀಜರ್ ತೆರೆದವನು ಹಾಗೇ ನಿಂತ. ತರಕಾರಿಗೆ ಜಾಗ ಸಾಲದೆಂದು ಬೆಳಗ್ಗೆಯಷ್ಟೇ ಐಸ್ ಟ್ರೇಗಳನ್ನು ತೆಗೆದು ಸಿಂಕಿಗೆ ಬಗ್ಗಿಸಿದ್ದವಳು ನಾನೇ. ಆವತ್ತು ರಾತ್ರಿ ಊಟಕ್ಕೆ ಬೀನ್ಸ್ ಪಲ್ಯ. ಮರುದಿನ ಬೆಳಗ್ಗೆಯೂ.

ಟೊಮೆಟೊ ರಸದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿಟ್ಟೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಸೌತೆಕಾಯಿಯ ಸಾಹಸವೂ ಅಷ್ಟೇ. ಒಳಗೆಲ್ಲ ನೀರೇ ಇರುವ ಕಾಯಿ ಅದು. ಮಂಜಿನ ಹರಳು ಬೆಳೆದು ಅದರ ಕೋಶಗಳನ್ನೆಲ್ಲ ಹರಿದಿತ್ತು. ಕರಗಿದ ಮೇಲೆ ಅತ್ತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ತಿನ್ನೋದೋ, ನೆಲ ಒರೆಸೋದೋ?" ಅಂದರು.

ಇಷ್ಟಾದ ಮೇಲೆ ಶಿಸ್ತು ಬಂತು. ಮೈನಸ್ 18 ಡಿಗ್ರಿಗೆ ಇಟ್ಟೆ, ಚೀಲದ ಗಾಳಿ ಹಿಂಡಿ ತೆಗೆದೆ, ಒಂದು ಹೊತ್ತಿನ ಅಡುಗೆಗೆ ಒಂದು ಪೊಟ್ಟಣದಂತೆ ಕಟ್ಟಿದೆ, ಒಂದೊಂದರ ಮೇಲೂ ಹೆಸರು, ತಾರೀಖು ಬರೆದೆ. ಬರೆದದ್ದು ಮಗನ ಶಾಲೆಯ ಇಂಕ್ ಪೆನ್ನಿನಲ್ಲಿ. ತೇವ ತಗಲಿದ್ದೇ ಸಾಕು, ಅಕ್ಷರಗಳೆಲ್ಲ ನೀಲಿ ಮಚ್ಚೆಯಾದವು. ಒಂದೊಂದೇ ಅಡುಗೆಗೆ ಬಿದ್ದು ಗುರುತು ಸಿಕ್ಕವು. ಉಳಿದದ್ದು ಇದೊಂದು.

ಮೊನ್ನೆ ಫ್ರಿಜ್ ತೊಳೆಯುವಾಗ ಮತ್ತೆ ಹೊರಬಂತು. ಮಗ ಮೆಂತ್ಯ ಅಂದ, ಇವರು ಪಾಲಕ್ ಅಂದರು. ಅತ್ತೆ ಹಿಚುಕಿ ನೋಡಿ ಏನೂ ಹೇಳದೆ ಕೈ ತೊಳೆದುಕೊಂಡರು. ಬಿಸಾಡಲು ನನಗೆ ಮನಸ್ಸು ಬರಲಿಲ್ಲ. ಹೊಸ ಚೀಲಕ್ಕೆ ಹಾಕಿ, ಈ ಸಲ ಅಳಿಸದ ಮಾರ್ಕರ್ ತಂದು, ಮೇಲೆ ದೊಡ್ಡದಾಗಿ ಬರೆದೆ: 'ಹಸಿರು'.