ಮೊಹರು ಬದಲಿಸದ ಕಂಪ್ಯೂಟರು

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಯಾರ ಮತದಿಂದಲೂ ಅಲ್ಲ, ಮನೆಯಲ್ಲಿ ಪ್ರಿಂಟರ್ ಇದೆ ಎಂಬ ಒಂದೇ ಕಾರಣಕ್ಕೆ. ಅಧ್ಯಕ್ಷರಿಗೆ ಶಾಲು, ಖಜಾಂಚಿಗೆ ಗೌರವ, ನನಗೆ ಶಾಯಿಯ ಖರ್ಚು. ಹೀಗೆ ಆರು ವರ್ಷದಿಂದ ಮೈಸೂರಿನ ಒಂದು ಮೂಲೆಯ ಎಪ್ಪತ್ತೆರಡು ಮನೆಗಳ ಚರಂಡಿ, ಬೀದಿದೀಪ ಮತ್ತು ಬೀದಿನಾಯಿಗಳ ಚರಿತ್ರೆಯನ್ನು ನಾನು ಟೈಪಿಸುತ್ತಾ ಬಂದಿದ್ದೇನೆ.

ಕಳೆದ ಶ್ರಾವಣದಲ್ಲಿ ವಾರ್ಷಿಕ ಸಭೆಯ ನೋಟಿಸು ಹೊರಡಿಸಬೇಕಾಗಿತ್ತು. ಸಭೆಗೆ 21 ದಿನ ಮುಂಚೆ ನೋಟಿಸು ಕೊಡಬೇಕು ಎನ್ನುತ್ತದೆ ನಮ್ಮ ಬೈಲಾ. ಹಳೆಯ ನೋಟಿಸನ್ನೇ ತೆರೆದೆ, ಸಭೆಯ ದಿನ ಬದಲಿಸಿದೆ, ಎಪ್ಪತ್ತೆರಡು ಪ್ರತಿ ತೆಗೆದು ಹಂಚಿಸಿದೆ. ಆ ನೋಟಿಸಿನ ತಲೆಯಲ್ಲಿ ದಿನಾಂಕ ತಾನಾಗಿ ಬಂದು ಕೂರುವ ಹಾಗೆ ಯಾವತ್ತೋ ಜಾಣತನ ಮಾಡಿಟ್ಟಿದ್ದೆ. ತಾನಾಗಿ ಬರುವುದನ್ನು ಯಾರು ಓದುತ್ತಾರೆ? ನಾನಂತೂ ಓದಲಿಲ್ಲ. ಬೇರೆ ಎಪ್ಪತ್ತೊಂದು ಮನೆಯವರು ಓದಿದರು.

ನೋಟಿಸಿನ ದಿನಾಂಕ 1 ಜನವರಿ 2012 ಎಂದಿತ್ತು. ಬೈಲಾ ಕೇಳಿದ್ದು 21 ದಿನ, ನಾನು ಕೊಟ್ಟದ್ದು ಹದಿಮೂರು ವರ್ಷ ಚಿಲ್ಲರೆ. ಪಾಂಡವರು ವನವಾಸ, ಅಜ್ಞಾತವಾಸ ಎರಡನ್ನೂ ಮುಗಿಸಿಕೊಂಡು ಸಭೆಗೆ ಬರಬಹುದಾಗಿತ್ತು. ಎದುರು ಮನೆಯ ನಿವೃತ್ತ ಇತಿಹಾಸ ಉಪನ್ಯಾಸಕರು ದಿನಾಂಕದ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿ, ‘ಶಾಸನ?’ ಎಂದು ಬರೆದು ಹಿಂದಿರುಗಿಸಿದರು. ಅದನ್ನಾದರೂ ಸಹಿಸಬಹುದು. ಮೂಲೆ ನಿವೇಶನದ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೋಟಿಸು 2012ರದ್ದಾದ್ದರಿಂದ ವಂತಿಗೆಯೂ 2012ರ ದರದಲ್ಲೇ ಇರಬೇಕು ಎಂದು ನೂರು ರೂಪಾಯಿಯ ಒಂದು ನೋಟನ್ನು ಲಕೋಟೆಯಲ್ಲಿಟ್ಟು ಕಳಿಸಿದರು. ಈಗಿನ ವಂತಿಗೆ ನಾನೂರು. ರಸೀತಿಯನ್ನೂ ಕೇಳಿದ್ದರು.

ನನಗೆ ಬಂದ ಕೋಪವೆಲ್ಲ ತಂತ್ರಾಂಶದ ಮೇಲೆ. ಪತ್ರ ಬರೆಯಲು, ಲೆಕ್ಕ ಇಡಲು ನಾನು ಬಳಸುವುದು ಒಂದು ಉಚಿತ ಕಚೇರಿ ತಂತ್ರಾಂಶ. ಅದಕ್ಕೆ ತಲೆ ಕೆಟ್ಟಿದೆ, ಇಲ್ಲದಿದ್ದರೆ ಶ್ರಾವಣದಲ್ಲಿ ಜನವರಿಯನ್ನು ಯಾಕೆ ಅಚ್ಚು ಹಾಕುತ್ತದೆ? ಹಳೆಯದಾಗಿರಬೇಕು, ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸಿ, ಸಹಾಯದ ಪಟ್ಟಿಯಲ್ಲಿದ್ದ ‘ಅಪ್‌ಡೇಟ್‌ಗಾಗಿ ಪರಿಶೀಲಿಸಿ’ ಎಂಬುದನ್ನು ಒತ್ತಿದೆ. ಒಂದು ಪಟ್ಟಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೊಟ್ಟಿಲಿನಂತೆ ತೂಗಿತು. ಆಮೇಲೆ ಉತ್ತರ ಬಂತು: ಪರಿಶೀಲನೆ ವಿಫಲವಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

ಕಾಫಿ ಕುಡಿದು ಬಂದು ಒತ್ತಿದೆ. ನಂತರ ಪ್ರಯತ್ನಿಸಿ. ಸಾರಿಗೆ ಒಗ್ಗರಣೆ ಹಾಕಿ ಬಂದು ಒತ್ತಿದೆ. ನಂತರ ಪ್ರಯತ್ನಿಸಿ. ‘ಹೋಗಿ ನಾಳೆ ಬಾ’ ಎನ್ನುವ ಗುಮಾಸ್ತರನ್ನು ಮೂವತ್ತು ವರ್ಷ ಕಂಡವಳು ನಾನು, ಅಷ್ಟಕ್ಕೆಲ್ಲ ಬಗ್ಗುವವಳಲ್ಲ. ಆದರೆ ಗುಮಾಸ್ತರಿಗೆ ಮುಖವಾದರೂ ಇರುತ್ತದೆ. ದಿಟ್ಟಿಸಿ ನೋಡಬಹುದು.

ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ, “ದೊಡ್ಡಮ್ಮ, ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಾ?” ಇಷ್ಟನ್ನು ಕಲಿಯಲು ಇವನು ನಾಲ್ಕು ವರ್ಷ ಓದಬೇಕಾಗಿತ್ತೇ ಎಂದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ಎರಡನೆಯದು, “ನೆಟ್ ಬರುತ್ತಿದೆಯಾ?” ಮೊಬೈಲಿನಲ್ಲಿ ಶುಭೋದಯದ ಗುಲಾಬಿಗಳು ಬಂದು ಬೀಳುತ್ತಲೇ ಇದ್ದವು, ಬರುತ್ತಿದೆ ಎಂದೆ. ಆಮೇಲೆ ಫೈರ್‌ವಾಲ್ ಅಂದ, ಆಂಟಿವೈರಸ್ ಅಂದ, ಪ್ರಾಕ್ಸಿ ಇದೆಯೇ ನೋಡಿ ಅಂದ. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ತಲೆ ಎತ್ತಿ, “ಪ್ರಾಕ್ಸಿ ಹಾಕುತ್ತಿದ್ದವನು ಅವನು. ಕಾಲೇಜಿನವರು ಕರೆಸಿದಾಗ ಹೋಗಿ ಬಂದವನು ನಾನು” ಎಂದರು. ಫೋನು ಸ್ಪೀಕರಿನಲ್ಲಿತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಬ್ರೌಸರ್ ತೆರೆಯಿರಿ ಎಂದ. ನಾನು ಆ ಕಂಪ್ಯೂಟರಿನಲ್ಲಿ ಅದನ್ನು ತೆರೆಯುವುದೇ ಇಲ್ಲ, ಜಾಲಾಡುವುದೆಲ್ಲ ಮೊಬೈಲಿನಲ್ಲೇ. ತೆರೆದರೆ, ಈ ಸಂಪರ್ಕ ಸುರಕ್ಷಿತವಲ್ಲ ಎಂಬ ದೊಡ್ಡ ಎಚ್ಚರಿಕೆ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲುಗಳಿದ್ದವು. ಹೆದರಿ ಮುಚ್ಚಿದೆ. ವೀಡಿಯೊ ಕರೆಯಲ್ಲಿ ಪರದೆ ತೋರಿಸಿ ಎಂದ, ತೋರಿಸಿದೆ. ಮೇಲಿನ ಮೂಲೆ, ಕೆಳಗಿನ ಮೂಲೆ, ನಡುವೆ, ಎಲ್ಲವನ್ನೂ ನೋಡಿದ. ನೋಡಿ, “ವಿಚಿತ್ರವಾಗಿದೆ ದೊಡ್ಡಮ್ಮ” ಎಂದ. ಎಂಜಿನಿಯರು ಮತ್ತು ಡಾಕ್ಟರು ಈ ಇಬ್ಬರ ಬಾಯಲ್ಲಿ ಕೇಳಬಾರದ ಮಾತು ಅದು. ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣ ಎಂದಾಗ, ಆರು ವರ್ಷದ ನಡಾವಳಿಯನ್ನು ನೆನೆದು ನಾನು ಫೋನಿಟ್ಟೆ.

ಇದಾದ ಮೇಲೆ ಎರಡು ದಿನ ನನ್ನ ಕಡತಗಳೂ ಕಾಣೆಯಾಗತೊಡಗಿದವು. ಬೆಳಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಇಲ್ಲ. ಹುಡುಕಿ ಹುಡುಕಿ ಪಟ್ಟಿಯ ಅಡಿಗೆ ಇಳಿದರೆ, ಮಗಳ ಶಾಲೆಯ ಹಳೆಯ ಅರ್ಜಿಗಳಿಗಿಂತಲೂ ಕೆಳಗೆ, ಪಾತಾಳದಲ್ಲಿ ಕೂತಿರುತ್ತಿದ್ದವು. ಹೊಸದು ಮೇಲೆ, ಹಳೆಯದು ಕೆಳಗೆ ಎಂದು ಜೋಡಿಸಿಟ್ಟ ಪಟ್ಟಿ ಅದು. ಈಗ ಹೇಳುವಾಗ ಎಲ್ಲವೂ ಸರಳವಾಗಿ ಕಾಣುತ್ತದೆ. ಆಗ ನಾನು ಕಂಪ್ಯೂಟರಿಗೆ ದೃಷ್ಟಿ ತೆಗೆಯುವ ಯೋಚನೆಯಲ್ಲಿದ್ದೆ.

ವರಮಹಾಲಕ್ಷ್ಮಿ ಹಬ್ಬ ಮುಗಿದ ಭಾನುವಾರ ಸಂಜೆ ಅಪ್ಪ ತಮ್ಮ ಮೊಬೈಲ್ ಹಿಡಿದು ಬಂದು ವೈಫೈ ಪಾಸ್‌ವರ್ಡ್ ಕೇಳಿದರು. ಅದನ್ನು ಒಂದು ಹಳದಿ ಚೀಟಿಯಲ್ಲಿ ಬರೆದು ಪರದೆಯ ಬಲಗಡೆ ಕೆಳಮೂಲೆಗೆ ಅಂಟಿಸಿದ್ದೆ. ಚೀಟಿ ಹಚ್ಚಿ ಎಷ್ಟು ದಿನವಾಗಿತ್ತೆಂದರೆ, ನನ್ನ ಕಣ್ಣಿಗೆ ಅದೂ ಕಂಪ್ಯೂಟರಿನ ಭಾಗವೇ ಆಗಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಕಿತ್ತು ಹತ್ತಿರ ಹಿಡಿದುಕೊಂಡವರು, ಚೀಟಿಯನ್ನು ಬಿಟ್ಟು ಅದು ಇದ್ದ ಜಾಗವನ್ನೇ ನೋಡತೊಡಗಿದರು.

“ನೋಡಮ್ಮ, ಇವತ್ತು ಯಾರೂ ಮೊಹರು ಬದಲಿಸಿಲ್ಲ” ಎಂದರು.

ಮೂಲೆಯ ಗಡಿಯಾರದಲ್ಲಿ 01-01-2012 ಎಂದಿತ್ತು. ಸಮಯ ನಡುರಾತ್ರಿ ಕಳೆದು ಏಳು ನಿಮಿಷ.

ಅಪ್ಪ ಅಂಚೆ ಇಲಾಖೆಯವರು. ಸಬ್ ಪೋಸ್ಟ್‌ಮಾಸ್ಟರ್ ಆಗಿ 2002ರಲ್ಲಿ ನಿವೃತ್ತರಾದರು. ಬೆಳಗ್ಗೆ ಅಂಚೆ ಕಚೇರಿ ತೆರೆದ ಕೂಡಲೇ ಅವರ ಮೊದಲ ಕೆಲಸ, ಮೊಹರಿನೊಳಗಿನ ತಾರೀಖಿನ ಅಚ್ಚನ್ನು ಬದಲಿಸುವುದು. ಬದಲಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ಪುಸ್ತಕದಲ್ಲಿ ಆ ದಿನದ ಮೊಹರಿನ ಒಂದು ಒತ್ತು, ಪಕ್ಕದಲ್ಲಿ ಸಹಿ. ಕಾಫಿ ಆಮೇಲೆ. ಮೊಹರಿನಲ್ಲಿ ನಿನ್ನೆಯ ತಾರೀಖು ಉಳಿದರೆ ಆ ದಿನದ ಒಂದು ಕಾಗದವೂ ನಂಬಿಕೆಗೆ ಅರ್ಹವಲ್ಲ ಎನ್ನುವುದನ್ನು ನಾವು ಚಿಕ್ಕಂದಿನಿಂದ ಊಟದ ಜೊತೆಗೆ ಕೇಳಿದ್ದೇವೆ.

ಕಂಪ್ಯೂಟರುಗಳಿಗೂ ಇದೇ ನಿಯಮವಂತೆ. ತಂಗಿಯ ಮಗ ಆಮೇಲೆ, ತನ್ನ ಮಾನ ಉಳಿಸಿಕೊಳ್ಳಲು, ಮುಕ್ಕಾಲು ಗಂಟೆ ವಿವರಿಸಿದ. ಅಪ್‌ಡೇಟ್ ಇದೆಯೇ ಎಂದು ಕೇಳಲು ನನ್ನ ತಂತ್ರಾಂಶ ದೂರದ ಒಂದು ಸರ್ವರಿನ ಬಾಗಿಲು ತಟ್ಟುತ್ತದೆ. ಒಳಗಿನವರು ತಾವು ಯಾರೆಂದು ತೋರಿಸಲು ಒಂದು ಪ್ರಮಾಣಪತ್ರ ಹಿಡಿಯುತ್ತಾರೆ. ಆ ಪತ್ರದಲ್ಲಿ ಎಂದಿನಿಂದ ಎಂದಿನವರೆಗೆ ಎಂಬ ಎರಡು ದಿನಾಂಕಗಳಿರುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಜಗತ್ತಿನ ಜಾಲತಾಣಗಳಿಗೆ ಉಚಿತವಾಗಿ ಹಂಚುತ್ತಾ ಬಂದಿರುವ ಪತ್ರಗಳ ಆಯುಸ್ಸು 90 ದಿನ. ನಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿ ಅದಕ್ಕಿಂತ ಹೆಚ್ಚು ಬಾಳುತ್ತದೆ. ಇರಲಿ. ನನ್ನ ಕಂಪ್ಯೂಟರು 2012ರಲ್ಲಿ ನಿಂತುಕೊಂಡು ಆ ಪತ್ರ ನೋಡಿದೆ. ಪತ್ರ ಇನ್ನೂ ಹುಟ್ಟೇ ಇಲ್ಲ. ಹುಟ್ಟದಿರುವವರನ್ನು ನಂಬುವುದು ಹೇಗೆ? ಬಾಗಿಲಲ್ಲೇ ತಿರುಗಿ ಬಂದಿದೆ. ನಂತರ ಪ್ರಯತ್ನಿಸಿ ಎಂದು ನನಗೆ ಹೇಳಿದ್ದೂ ಶುದ್ಧ ಸತ್ಯವೇ. ಎಷ್ಟು ನಂತರ ಎಂದು ಹೇಳಿರಲಿಲ್ಲ, ಅಷ್ಟೇ. ಬ್ರೌಸರಿನ ಎಚ್ಚರಿಕೆಯ ಕೆಳಗೆ ನಾನು ಓದದೆ ಬಿಟ್ಟ ನಾಲ್ಕು ಸಾಲುಗಳಲ್ಲಿ, ನಿಮ್ಮ ಗಡಿಯಾರ ಸರಿಯಿದೆಯೇ ನೋಡಿ ಎಂಬುದೇ ಇತ್ತು.

“ಅದು ಅಂತರಜಾಲದಿಂದ ತಾನೇ ಸಮಯ ಕೇಳಿ ತಿದ್ದಿಕೊಳ್ಳಬೇಕಲ್ಲವೇ?” ಎಂದು ಕೇಳಿದೆ. ತಿದ್ದಿಕೊಳ್ಳುತ್ತದಂತೆ, ಆದರೆ ನನ್ನ ಕಂಪ್ಯೂಟರಿನಲ್ಲಿರುವ ಏರ್ಪಾಟಿಗೆ ಒಂದು ಮಿತಿ ಇದೆ. ವ್ಯತ್ಯಾಸ ಹದಿನೈದು ಗಂಟೆ ಮೀರಿದರೆ ಅದು ಕೈಹಾಕುವುದಿಲ್ಲ. ಐದು ನಿಮಿಷ ತಡವಾಗಿ ಬಂದವನ ಕಿವಿ ಹಿಂಡುವ ಮೇಷ್ಟರು, ವರ್ಷಗಟ್ಟಲೆ ಬಾರದವನ ಹೆಸರನ್ನೇ ಹೊಡೆದುಹಾಕುವ ಹಾಗೆ.

ಅಪ್ಪನಿಗೆ ಈ ಪ್ರಮಾಣಪತ್ರಕ್ಕಿಂತ ಆ ತಾರೀಖೇ ಹಿಡಿಸಿಬಿಟ್ಟಿತ್ತು. ಕುರ್ಚಿ ಎಳೆದುಕೊಂಡು ಕೂತು, 2012ರ ಜನವರಿ ಒಂದರಲ್ಲಿ ಏನೇನಿತ್ತು ಎಂದು ನೆನೆಯತೊಡಗಿದರು. ಭಾನುವಾರ. ಮುಖ್ಯಮಂತ್ರಿ ಸದಾನಂದ ಗೌಡರು. ಮೈಸೂರು ಇಂಗ್ಲಿಷಿನಲ್ಲಿ ಇನ್ನೂ ‘ಮೈಸೋರ್’. ಸಾವಿರದ ನೋಟು ಚಲಾವಣೆಯಲ್ಲಿತ್ತು. ನಮ್ಮ ದ್ರಾವಿಡ್ ಇನ್ನೂ ನಿವೃತ್ತರಾಗಿರಲಿಲ್ಲ, ತಂಡ ಮೆಲ್ಬರ್ನ್‌ನಲ್ಲಿ ಟೆಸ್ಟ್ ಸೋತು ಸಿಡ್ನಿಯ ಟೆಸ್ಟಿಗೆ ಕಾಯುತ್ತಿತ್ತು. “ಮೊಣಕಾಲೂ ಚೆನ್ನಾಗಿತ್ತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತಿದ್ದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಸರಿಮಾಡಲೇಬೇಕಾ?” ಎಂದು ಕೇಳಿದರು.

ಸರಿಮಾಡಲು ಕಾರಣ ಬೇಕಲ್ಲ. ಕಂಪ್ಯೂಟರನ್ನು ಮುಚ್ಚಿದಾಗಲೂ ಗಡಿಯಾರ ಓಡುವುದು ಹೇಗೆ? ಗೋಡೆಯ ಸ್ವಿಚ್ ಹಾಕಿದ್ದರೆ ಅಲ್ಲಿಂದ ಜಿನುಗುವ ವಿದ್ಯುತ್ತಿನಿಂದ. ಸ್ವಿಚ್ ಆರಿಸಿದರೆ, ಮದರ್‌ಬೋರ್ಡಿನ ಮೇಲೆ ಕೂತಿರುವ ಬಿಲ್ಲೆಯಂಥ ಒಂದು ಪುಟ್ಟ ಬ್ಯಾಟರಿಯಿಂದ. ನಮ್ಮ ಮನೆಯಲ್ಲಿ ರಾತ್ರಿ ಹತ್ತಕ್ಕೆ ಒಬ್ಬರು ಕೋಣೆಯಿಂದ ಕೋಣೆಗೆ ಹೋಗಿ ಫ್ರಿಜ್ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಸ್ವಿಚ್ಚುಗಳನ್ನೂ ಆರಿಸುತ್ತಾರೆ. ವರ್ಷಗಟ್ಟಲೆ ರಾತ್ರಿಯೆಲ್ಲ ಆ ಬಿಲ್ಲೆ ಒಂದೇ ಗಡಿಯಾರವನ್ನು ಹೊತ್ತು ಸವೆದಿತ್ತು. ಕಡೆಗೊಂದು ರಾತ್ರಿ ಸತ್ತಿತು. ಮರುದಿನದಿಂದ ಕಂಪ್ಯೂಟರು ಪ್ರತಿ ಬೆಳಗ್ಗೆ ಕಾರ್ಖಾನೆಯಲ್ಲಿ ಕಲಿತ ಮೊದಲ ತಾರೀಖಿನಲ್ಲೇ ಕಣ್ಣು ಬಿಡತೊಡಗಿತು.

“ಅಪ್ಪ, ಈ ಒಂದು ಸ್ವಿಚ್ ಆರಿಸದಿದ್ದರೆ ಬ್ಯಾಟರಿಯೂ ಬೇಡ” ಎಂದೆ.

“ಅದು ಆಗದ ಮಾತು” ಎಂದರು. ಅಪರಾಧಿಯೂ ಪತ್ತೇದಾರನೂ ಒಬ್ಬರೇ ಆದಾಗ ವಿಚಾರಣೆ ಬೇಗ ಮುಗಿಯುತ್ತದೆ.

ಪೆಟ್ಟಿಗೆ ಬಿಚ್ಚಿದೆ. ಒಳಗೆ ಒಂದು ದಿಂಬು ತುಂಬುವಷ್ಟು ದೂಳು. ಅದರ ನಡುವೆ ಬ್ಯಾಟರಿ, ಮೈಮೇಲೆ ಸಿಆರ್ 2032 ಎಂಬ ಬರಹ. ಈ ಜಾತಿಯ ಬ್ಯಾಟರಿಗಳ ಹೆಸರಿನಲ್ಲೇ ಜಾತಕವಿದೆ: 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಭಾನುವಾರ ರಾತ್ರಿ ಎಂಟೂವರೆಗೆ ಅದನ್ನು ಎಲ್ಲಿಂದ ತರುವುದು? ಮರುದಿನ ಬೆಳಗ್ಗೆ ಒಂಬತ್ತಕ್ಕೆ ತಿದ್ದಿದ ನೋಟಿಸು ಅಧ್ಯಕ್ಷರ ಕೈಯಲ್ಲಿರಬೇಕಾಗಿತ್ತು. ಅಷ್ಟರಲ್ಲಿ ಅಪ್ಪನ ಔಷಧಿಯ ಡಬ್ಬಿ ಕಣ್ಣಿಗೆ ಬಿತ್ತು. ಅದರಲ್ಲಿ ಸಕ್ಕರೆ ಅಳೆಯುವ ಮೀಟರು. ಅದರ ಬೆನ್ನು ಬಿಚ್ಚಿದರೆ, ಅದೇ ಬಿಲ್ಲೆ, ಅದೇ ಸಂಖ್ಯೆ.

ಹಾಕಿದೆ. ಈ ಬಾರಿ ಪಂಚಾಂಗ, ಗೋಡೆಯ ಕ್ಯಾಲೆಂಡರು, ಮೊಬೈಲು ಮೂರನ್ನೂ ನೋಡಿಕೊಂಡು ತಾರೀಖು ತುಂಬಿದೆ. ಅಪ್‌ಡೇಟ್ ಒತ್ತಿದೆ. ಎರಡೇ ಕ್ಷಣದಲ್ಲಿ ಹೊಸ ಆವೃತ್ತಿ ಸಿಕ್ಕಿತು, ಅರ್ಧ ಗಂಟೆಯಲ್ಲಿ ಕೂತಿತು. ಏನು ಬದಲಾಗಿದೆ ಎಂದು ಹುಡುಕಿದರೆ, ನನಗೆ ಕಂಡದ್ದು ಗುಂಡಿಗಳ ಬಣ್ಣ ಮಾತ್ರ.

ಸೋಮವಾರ ಬೆಳಗ್ಗೆ ಅಪ್ಪ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿಕೊಳ್ಳುವ ದಿನ. ಮೀಟರು ಕಣ್ಣು ಬಿಡಲಿಲ್ಲ. ಅಪ್ಪನಿಗೆ ಯಾವ ದುಃಖವೂ ಆದಂತೆ ಕಾಣಲಿಲ್ಲ. ಮೀಟರಿಲ್ಲದ ದಿನ ಸಕ್ಕರೆಯೂ ಇಲ್ಲ ಎಂದು ಹಬ್ಬದಲ್ಲಿ ಉಳಿದಿದ್ದ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ಬೆಳಗ್ಗೆ ಎರಡು ತಿಂದರು, ಸಂಜೆ ಎರಡು ತಿಂದರು. ಮಂಗಳವಾರ ನಾನು ಹೊಸ ಬ್ಯಾಟರಿ ತಂದು ಹಾಕಿಕೊಟ್ಟೆ. ಅವರು ಬೆರಳು ಚುಚ್ಚಿಕೊಂಡು ನೋಡಿ, ಏನೂ ಹೇಳದೆ ಮೀಟರನ್ನು ಡಬ್ಬಿಗೆ ಹಾಕಿದರು.

ಮುಂದಿನ ವಾರ ಡಾಕ್ಟರ ಬಳಿ ಹೋದೆವು. ಅವರು ಮೀಟರಿನ ನೆನಪಿನಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವುತ್ತಾ, ಒಂದು ಕಡೆ ನಿಂತರು. “268! ಇದು ಯಾವತ್ತಿನದು?” ಎಂದು ಪರದೆಯನ್ನು ಹತ್ತಿರ ಹಿಡಿದು ಓದಿದರು. “ಒಂದನೇ ಜನವರಿ 2018.”

ಮೂವತ್ತೈದು ವರ್ಷ ಬೆಳಗಾದರೆ ಮೊಹರು ಬದಲಿಸಿದ ಮನುಷ್ಯ ಕಿಟಕಿಯ ಕಡೆ ನೋಡುತ್ತಾ, “ಅದು ಹಳೆಯದು ಸಾರ್. ಆಗ ನಾನು ಪಥ್ಯ ಮಾಡುತ್ತಿರಲಿಲ್ಲ” ಎಂದರು.

ನಾನು ಬಾಯಿ ತೆರೆಯಲಿಲ್ಲ. ಬ್ಯಾಟರಿ ಕದ್ದವಳು ನಾನು.